ಆರಿಸಿದ ಬೀಜ

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ದಪ್ಪಗೆ, ಚಪ್ಪಟೆಯಾಗಿ, ತುದಿಯಲ್ಲಿ ಸೀಳಿಕೊಂಡಿತ್ತು. ನನ್ನವ್ವನನ್ನು ನೋಡಿಕೊಳ್ಳಲು ನಮ್ಮ ಮನೆಗೆ ಬಂದ ಮೊದಲ ದಿನ ಅವರು ಅವಳ ಕೈಯನ್ನು ತಮ್ಮ ಕೈಯೊಳಗೆ ಇಟ್ಟುಕೊಂಡು ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಅದೂ ಹಾಗೇ ಇತ್ತು. "ಬಿತ್ತನೆ ಶೇಂಗಾ ಸುಲಿದ ಕೈ ಇದು. ನೀವು ಹೇಳಲೇ ಇಲ್ಲಲ್ಲ ಸರ್" ಎಂದರು.

ಹೇಳಿರಲಿಲ್ಲ, ನಿಜ. ಅವ್ವನಿಗೆ ಮರೆವಿನ ಕಾಯಿಲೆ, ನಾನೂ ಹೆಂಡತಿಯೂ ಕೆಲಸಕ್ಕೆ ಹೋಗುವವರು, ಅವ್ವ ಬಾಗಿಲು ತೆಗೆದುಕೊಂಡು ಹೊರಟುಬಿಡುತ್ತಾಳೆ, ಹಗಲೆಲ್ಲ ಜೊತೆಗಿದ್ದು ನೋಡಿಕೊಳ್ಳಬೇಕು ಎಂದಷ್ಟೇ ಹೇಳಿದ್ದೆ. ಜವನಗೊಂಡನಹಳ್ಳಿಯಲ್ಲಿ ಕಂಡವರ ಹೊಲಕ್ಕೆ ಕೂಲಿ ಹೋಗಿ ನನ್ನನ್ನು ಓದಿಸಿದವಳು ಎಂಬುದನ್ನು ಚಿತ್ರದುರ್ಗದಲ್ಲಿ ಮನೆ ಕಟ್ಟಿಸಿದ ಮೇಲೆ ಯಾರ ಹತ್ತಿರವೂ ಹೇಳುತ್ತಿರಲಿಲ್ಲ. ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾದವನಿಗೆ ಅಷ್ಟೊಂದು ಬಿಗುಮಾನ.

ಅಕ್ಕ ಹಿರೇಗುಂಟನೂರಿನವರು. ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರೇನಲ್ಲ, ಆದರೂ ಮನೆಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಅವ್ವನ ಕೋಣೆಯ ಬಾಗಿಲು ತೆರೆದೇ ಇದ್ದರೂ ಹೊಸ್ತಿಲಲ್ಲಿ ನಿಂತು "ಒಳಕ್ಕೆ ಬರ್ಲಾ ಅವ್ವ?" ಎಂದು ಕೇಳದೆ ಅವರು ಕಾಲಿಟ್ಟವರಲ್ಲ. "ನೀನು ಯಾರ ಮಗಳೇ?" ಎಂದು ಅವ್ವ ಗಳಿಗೆಗೊಮ್ಮೆ ಕೇಳುವಳು. ನಾನಾಗಿದ್ದರೆ ಮೂರನೇ ಸಲಕ್ಕೇ ರೇಗುತ್ತಿದ್ದೆ. ಅಕ್ಕ ಹತ್ತನೇ ಸಲವೂ ತಮ್ಮ ಅಪ್ಪನ ಹೆಸರನ್ನು ಆಗಷ್ಟೇ ಹೇಳುತ್ತಿರುವವರಂತೆ ಹೇಳುತ್ತಿದ್ದರು. ನೋಡಲು ಬಂದ ನೆಂಟರು ನಾನ್ಯಾರು ಹೇಳು ನೋಡೋಣ ಎಂದು ಅವ್ವನಿಗೆ ಪರೀಕ್ಷೆ ಇಟ್ಟರೆ ಮಾತ್ರ ಅವರ ಹುಬ್ಬು ಗಂಟಿಕ್ಕುತ್ತಿತ್ತು. ನಿಮ್ಮ ಹೆಸರು ನೀವೇ ಹೇಳಿ ಕುಂತ್ಕಳ್ರಿ ಎನ್ನುತ್ತಿದ್ದರು.

ಮುಂಗಾರಿಗೆ ಮುಂಚೆ ಒಂದು ದಿನ ಅಕ್ಕ, ಊರಲ್ಲಿರುವ ತಮ್ಮನ ಹೊಲದ ಬಿತ್ತನೆಗೆಂದು ಇಟ್ಟಿದ್ದ ಶೇಂಗಾವನ್ನು ಚೀಲದಲ್ಲಿ ಕಟ್ಟಿಕೊಂಡು ಬಂದರು. ಮಿಷನ್ನಿಗೆ ಹಾಕಿದರೆ ಬೀಜ ಒಡೆಯುತ್ತದೆ, ಬಿತ್ತನೆಗಾದರೆ ಕೈಯಲ್ಲೇ ಸುಲಿಯಬೇಕು. ನನಗೆ ಸಿಟ್ಟು ಬಂತು. ಈ ವಯಸ್ಸಿನಲ್ಲಿ ಅವ್ವನ ಕೈಲಿ ಮತ್ತೆ ಕೂಲಿ ಮಾಡಿಸುವುದಾ ಎಂದು ಕೇಳಿಯೂ ಬಿಟ್ಟೆ. ನಾನು ಕೊಂಡುತಂದಿದ್ದ ಪ್ಲಾಸ್ಟಿಕ್ ಮಣಿಗಳು, ಬಣ್ಣ ತುಂಬುವ ಪುಸ್ತಕ ಮೂಲೆಯಲ್ಲಿ ಬಿದ್ದಿದ್ದವು. ಅಕ್ಕ ಮೊರವನ್ನು ಅವ್ವನ ಮುಂದಿಟ್ಟು, ಕಾಯಿ ಬಿತ್ತನೆಗೆ ಆದೀತಾ ಎಂದು ಅವಳನ್ನೇ ಕೇಳಿದರು. ಅವ್ವ ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು, ಹೆಬ್ಬೆರಳಲ್ಲಿ ಒತ್ತಿ ಬಿಡಿಸಿದಳು, ಆಗಬಹುದು ಎಂದಳು. ನನ್ನ ಹೆಸರನ್ನೇ ಮರೆತಿದ್ದವಳು ಸಂಜೆಯೊಳಗೆ ಮೊರ ತುಂಬ ಸುಲಿದು, ಗಟ್ಟಿ ಬೀಜ ಒಂದು ಕಡೆ, ಸೊರಗಿದ್ದು ಒಡೆದದ್ದು ಇನ್ನೊಂದು ಕಡೆ ಮಾಡಿಟ್ಟಿದ್ದಳು. ಅವತ್ತು ಒಂದು ಸಲವೂ ಬಾಗಿಲ ಕಡೆ ಹೋಗಲಿಲ್ಲ.

ಚೀಲ ಖಾಲಿಯಾಗುವ ಹೊತ್ತಿಗೆ ಮಳೆ ಬಿತ್ತು. ಅಕ್ಕ ತಮ್ಮನ ಹೊಲದ ಬಿತ್ತನೆಗೆ ಕೈಜೋಡಿಸಲು ಎರಡು ದಿನ ರಜೆ ಕೇಳಿಕೊಂಡು ಹೋದರು. ಕಡೆಯ ಮೊರದ ಬೀಜ ನಮ್ಮಲ್ಲೇ ಉಳಿದಿತ್ತು. ಮರುದಿನ ಬೆಳಗ್ಗೆ ಕೆಲಸವಿಲ್ಲದೆ ಅವ್ವ ಗೇಟಿಗೆ ಹೋಗಿ ನಿಂತಳು. ಹೊತ್ತಾಯಿತು, ಹೊಲಕ್ಕೆ ಹೋಗಬೇಕು ಎಂದು ಅಳತೊಡಗಿದಳು. ನನಗೊಂದು ಉಪಾಯ ಹೊಳೆಯಿತು. ಹೆಂಡತಿ ಅವಳಿಗೆ ಸ್ನಾನ ಮಾಡಿಸುವಾಗ, ಆರಿಸಿಟ್ಟಿದ್ದ ಗಟ್ಟಿ ಬೀಜಕ್ಕೆ ಸೊರಗಿದ್ದನ್ನೆಲ್ಲ ಸುರಿದು ಕಲಸಿ ಮುಂದಿಟ್ಟೆ. ಇವಳಿಗೆಲ್ಲಿ ನೆನಪಿರುತ್ತದೆ ಎಂದುಕೊಂಡೆ.

ಅವ್ವನ ಬೆರಳು ಬೀಜದೊಳಗೆ ಎರಡು ಸಲ ಆಡಿತು, ನಿಂತಿತು.

"ಆರಿಸಿದ್ದು ಇದು. ಯಾರು ಕಲಸಿದ್ದು?"

ಅವ್ವ ಮೊರ ದೂಡಿ, ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಗೋಡೆ ಕಡೆ ತಿರುಗಿ ಕೂತಳು. ಆ ದಿನ, ಮರುದಿನ, ಯಾರು ತುತ್ತು ಕೊಟ್ಟರೂ ಬಾಯಿ ತೆರೆಯಲಿಲ್ಲ. ಯಾರು ಕಲಸಿದ್ದು ಎಂಬುದೊಂದೇ ಮಾತು.

ಅಕ್ಕ ಬಂದ ಮೇಲೆ ಅಡುಗೆಮನೆಯಲ್ಲಿ ಎಲ್ಲ ಹೇಳಿದೆ. "ನೆನಪು ಹೋಗೈತೆ ಅಂತ ದುಡಿದ ಕೈಗೆ ಮೋಸ ಮಾಡಬೌದಾ ಸರ್? ಹೋಗಿ ತಪ್ಪಾತು ಅನ್ರಿ."

ಹೋದೆ. ಅವ್ವ ತಲೆಯೆತ್ತಿ ಅದನ್ನೇ ಕೇಳಿದಳು. ಎರಡು ದಿನ ಉಪವಾಸ ಕೂತ ಆ ಮುಖ ನೋಡಿ ನನ್ನ ನಾಲಿಗೆ ಏಳಲೇ ಇಲ್ಲ. ಬೆನ್ನ ಹಿಂದಿನಿಂದ ಅಕ್ಕನ ದನಿ ಬಂತು. "ನಾನೇ ಕಣವ್ವ. ತಪ್ಪಾತು."

ಅವ್ವ ಅವರನ್ನು ದಿಟ್ಟಿಸಿ ನೋಡಿದಳು. "ದುಡಿದ ಕೈ ಅಲ್ಲ ನಿಂದು" ಎಂದಳು. ಆಮೇಲೆ ನನ್ನ ಕೈಯಿಂದ ಗಂಜಿ ಕುಡಿದಳು.

ಬೀಜದ ಸಂಗತಿ ಅವಳಿಗೆ ವಾರದಲ್ಲಿ ಮರೆತುಹೋಯಿತು. ಅಕ್ಕನ ಮೇಲಿನ ಮುನಿಸು ಮಾತ್ರ ಹೋಗಲಿಲ್ಲ. ಯಾಕೆಂದು ತನಗೇ ಗೊತ್ತಿಲ್ಲದಿದ್ದರೂ ಅವರು ಹತ್ತಿರ ಬಂದರೆ ಮುಖ ತಿರುಗಿಸುವಳು. ಯಾರ ಮಗಳೆಂದು ಮತ್ತೆ ಕೇಳಲೇ ಇಲ್ಲ. ಅಕ್ಕ ಮೊದಲಿನ ಹಾಗೇ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದರು, ಉತ್ತರ ಬರದಿದ್ದರೆ ಕಾಯುತ್ತಿದ್ದರು, ಬೈಸಿಕೊಂಡೇ ತಲೆ ಬಾಚುತ್ತಿದ್ದರು. ಹುರುಳಿ, ತೊಗರಿ ತಂದರೆ ನಾನು ಆಫೀಸಿಗೆ ಹೊರಡುವ ಮುಂಚೆ ನನ್ನ ಕೈಯಿಂದಲೇ ಮೊರ ಇಡಿಸುತ್ತಿದ್ದರು. ಒಂದು ದಿನ ತಡೆಯಲಾಗದೆ, ಅವ್ವನಿಗೆ ನಿಜ ಹೇಳಿಬಿಡುತ್ತೇನೆ ಎಂದೆ.

"ಬ್ಯಾಡ ಸರ್. ಈ ಮನೆಯಾಗೆ ಆಕೆಗೆ ನಂಬಿಕೆ ಅಂತ ಉಳಿದಿರೋದು ನಿಮ್ಮ ಕೈ ಒಂದೇ. ಅದನ್ನೂ ಯಾಕೆ ಕಳೀತೀರಿ?"

ನಾನು ಒಪ್ಪಿಕೊಂಡೆ. ಅವರ ಮಾತಿನಲ್ಲಿ ನ್ಯಾಯವಿತ್ತು. ಆದರೆ ಒಪ್ಪಿಕೊಂಡದ್ದು ಅದಕ್ಕಲ್ಲ, ನನಗೆ ಅದೇ ಸುಲಭವಾಗಿತ್ತು. ಈಗ ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಶೇಂಗಾ ಕೀಳುವ ಹೊತ್ತಿಗೆ ಅವ್ವ ಜ್ವರ ಬಂದು ಮೂರೇ ದಿನಕ್ಕೆ ಹೋಗಿಬಿಟ್ಟಳು. ಕಡೆಯ ಮಧ್ಯಾಹ್ನ ಅಕ್ಕ ಹನಿ ನೀರು ಬಿಡಲು ಹೋದರೆ ಆಗಲೂ ತುಟಿ ಬಿಗಿದಳು. ಅಕ್ಕ ಲೋಟವನ್ನು ನನ್ನ ಕೈಗೆ ಕೊಟ್ಟು ಹಿಂದೆ ಸರಿದರು.

ಹನ್ನೊಂದನೆಯ ದಿನ ಅವ್ವನ ಫೋಟೋದ ಮುಂದೆ ಎಡೆ ಇಟ್ಟು ಎಲ್ಲರೂ ಕೈಮುಗಿಯುತ್ತಿದ್ದೆವು. ಅಕ್ಕ ಬಂದರು. ಕೈಯಲ್ಲಿ ಬೇರುಸಮೇತ ಕಿತ್ತ ಶೇಂಗಾ ಗಿಡಗಳ ಒಂದು ಕಟ್ಟು, ಬುಡದ ತುಂಬ ಕಾಯಿ, ಇನ್ನೂ ಹಸಿ ಮಣ್ಣು. ಅವ್ವ ಆರಿಸಿಕೊಟ್ಟ ಬೀಜದ ಬೆಳೆ. ಅವ್ವ ಬದುಕಿದ್ದಾಗ ನಿಲ್ಲುತ್ತಿದ್ದ ಹಾಗೇ ಹೊಸ್ತಿಲಲ್ಲಿ ನಿಂತರು. ಒಳಗೆ ಬನ್ನಿ, ನೀವೇ ಇಡಿ ಎಂದು ಕರೆದೆ. ಅವರು ಕಟ್ಟನ್ನು ನನ್ನ ಕಡೆ ಚಾಚಿದರು.

"ನೀವೇ ಇಡ್ರಿ ಸರ್. ನಾನಿಟ್ಟರೆ ಅವ್ವ ಮುಟ್ಟಲ್ಲ."

ಆ ಕಟ್ಟನ್ನು ಈಸಿಕೊಂಡೆ. ಅಕ್ಕನ ಸೀಳಿದ ಆ ಉಗುರಿನೊಳಗೂ ಮಣ್ಣಿತ್ತು. ಫೋಟೋದ ಮುಂದೆ ಕೂತು ಗಿಡ ಇಟ್ಟು, ಕಲಸಿದ್ದು ನಾನು ಕಣವ್ವ ಎಂದೆ. ನೆಂಟರಿಗೆ ಏನೂ ತಿಳಿಯಲಿಲ್ಲ. ತಿರುಗಿ ನೋಡಿದಾಗ ಹೊಸ್ತಿಲಲ್ಲಿ ಅಕ್ಕ ಇರಲಿಲ್ಲ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋಗಿದ್ದರು.