ಅಮೇರಾತಿಗೆ ಮುಟ್ಟದ ಫೋನು

ಮೂಲ್ಕಿ ಕಡೆಯ ಲೋಲಾಕ್ಷಿ ಮಸ್ಕತ್ತಿಗೆ ಬಂದದ್ದು ೧೯೮೨ರಲ್ಲಿ, ಮೂರು ವರ್ಷದ ಮಗಳು ಕುಸುಮಳನ್ನು ಸೊಂಟದ ಮೇಲೆ ಕೂರಿಸಿಕೊಂಡು. ಗಂಡ ಸೇಸಪ್ಪ ರೂವಿಯ ಒಂದು ಕಂಪನಿಯಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ದಾರ್ಸೈಟಿನಲ್ಲಿ ಮನೆ. ಮಗಳನ್ನು ಶಾಲೆಗೆ ಸೇರಿಸಲು ಹೋದವಳಿಗೆ ಅದೇ ಶಾಲೆಯ ಆಫೀಸಿನಲ್ಲಿ ಕ್ಲಾರ್ಕ್ ಕೆಲಸ ಸಿಕ್ಕಿತು. ನಾನು ಅಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಒಂದೇ ಪ್ರಾಯದವರು, ಒಂದೇ ತುಳು, ಹೀಗೆ ಸ್ನೇಹವಾಯಿತು.

ಅವಳ ಕೆಲಸಗಳಲ್ಲಿ ಒಂದು, ಮಳೆಯ ದಿನ ಶಾಲೆಗೆ ರಜೆ ಎಂದು ಮನೆಮನೆಗೆ ಫೋನ್ ಮಾಡುವುದು. ಊರಿನವರಿಗೆ ಇದು ನಗೆಯ ಮಾತು. ನಾಲ್ಕು ತಿಂಗಳು ಕೊಡೆ ಹಿಡಿದುಕೊಂಡೇ ಶಾಲೆಗೆ ಹೋದವರು ನಾವು. ಆದರೆ ಅಲ್ಲಿ ಚಳಿಗಾಲದಲ್ಲಿ ಮೂರು ನಾಲ್ಕು ಸಲ ಬರುವ ಮಳೆಗೆ ಊರೇ ನಿಂತುಬಿಡುತ್ತಿತ್ತು. ಬೋಳು ಗುಡ್ಡದ ಮೇಲೆ ಬಿದ್ದ ನೀರನ್ನು ನೆಲ ಹೀರುವುದಿಲ್ಲ. ವರ್ಷವಿಡೀ ಒಣಗಿ ಬಿದ್ದಿರುವ ಕಲ್ಲಿನ ಹೊಳೆ, ಅಲ್ಲಿಯವರು ವಾದಿ ಎನ್ನುತ್ತಾರೆ, ಅರ್ಧ ಗಂಟೆಯಲ್ಲಿ ಕೆಂಪಗೆ ಉಕ್ಕಿ ರಸ್ತೆಯನ್ನು ಮುಳುಗಿಸುತ್ತದೆ. ಆಗ ಬಸ್ಸು ಹೊರಡುವಂತಿಲ್ಲ.

ಆಗ ಎಲ್ಲರ ಮನೆಯಲ್ಲಿ ಫೋನ್ ಇರಲಿಲ್ಲ. ಅಂಥವರಿಗೆ ಪಕ್ಕದ ಮನೆಯ, ಅಂಗಡಿಯ ನಂಬರು. ಆ ಪಟ್ಟಿಯ ಕೊನೆಯಲ್ಲಿದ್ದದ್ದು ಅಬ್ಬಾಸರ ಹೆಸರು. ಉಪ್ಪಿನಂಗಡಿಯ ಬ್ಯಾರಿ. ಗುಡ್ಡದಾಚೆ ಅಮೇರಾತಿನಲ್ಲಿ ಟೈಲರ್ ಅಂಗಡಿ ಇಟ್ಟಿದ್ದರು. ಅವರ ಮಗಳು ಮೈಮೂನಾ ಕುಸುಮಳ ಕ್ಲಾಸಿನಲ್ಲೇ ಇದ್ದಳು. ಶಾಲೆಯ ಬಸ್ಸು ಅಷ್ಟು ದೂರ ಹೋಗುತ್ತಿರಲಿಲ್ಲ. ಅಬ್ಬಾಸರೇ ದಿನಾ ಬೆಳಿಗ್ಗೆ ತಮ್ಮ ಪಿಕಪ್ಪಿನಲ್ಲಿ, ಗುಡ್ಡಗಳ ನಡುವಿನ ವಾದಿಯ ದಾರಿಯಾಗಿ ಮಗಳನ್ನು ಕರೆತರುತ್ತಿದ್ದರು. ಅವರಿಗೆ ಸುದ್ದಿ ಮುಟ್ಟಿಸಲು ಇದ್ದದ್ದು ಪಕ್ಕದ ದಿನಸಿ ಅಂಗಡಿಯ ಫೋನು.

೧೯೮೮ರ ಫೆಬ್ರವರಿ. ರಾತ್ರಿಯೆಲ್ಲ ಮಳೆ ಸುರಿದಿತ್ತು. ಬೆಳಿಗ್ಗೆ ಐದೂವರೆಗೆ ಪ್ರಿನ್ಸಿಪಾಲರು ಲೋಲಾಕ್ಷಿಯ ಮನೆಗೆ ಫೋನ್ ಮಾಡಿ ಇವತ್ತು ರಜೆ ಎಂದರು. ಅವಳು ಪಟ್ಟಿ ಹಿಡಿದು ಕೂತಳು. ಮಾತಾಡಿದ ಹೆಸರಿನ ಮುಂದೆ ಟಿಕ್ ಹಾಕುತ್ತ ಹೋದಳು. ಅಬ್ಬಾಸರ ನಂಬರು ಎಂಗೇಜ್ ಬಂತು. ಆಮೇಲೆ ಮಾಡೋಣ ಎಂದು ಅಲ್ಲಿ ಒಂದು ಚುಕ್ಕೆ ಇಟ್ಟಳು.

ಅಷ್ಟರಲ್ಲಿ ಕುಸುಮ ಎದ್ದು ಬಂದಳು. ರಜೆ ಎಂದು ತಿಳಿದದ್ದೇ ಕುಣಿಯತೊಡಗಿದಳು. ಬಾಲ್ಕನಿಯಿಂದ ನೋಡಿದರೆ ಎದುರಿನ ಗುಡ್ಡದಲ್ಲಿ ನಾಲ್ಕು ಕಡೆ ನೀರು ಧುಮುಕುತ್ತಿತ್ತು. ಸೇಸಪ್ಪ ಚಾ ಲೋಟ ಹಿಡಿದು ಅಲ್ಲಿಗೇ ಬಂದರು. ಒದ್ದೆ ಮಣ್ಣಿನ ವಾಸನೆಗೆ ಮೂವರಿಗೂ ಊರು ನೆನಪಾಯಿತು. ಲೋಲಾಕ್ಷಿ ಒಳಗೆ ಹೋಗಿ ನೀರುದೋಸೆಗೆ ಕಾವಲಿ ಇಟ್ಟಳು.

ಚುಕ್ಕೆ ನೆನಪಾದಾಗ ಏಳು ದಾಟಿತ್ತು. ಓಡಿ ಹೋಗಿ ಫೋನ್ ತಿರುಗಿಸಿದಳು. ಈ ಸಲ ದಿನಸಿ ಅಂಗಡಿಯವನು ಎತ್ತಿದ. ಅಬ್ಬಾಸ್ ಮಗಳನ್ನು ಕರೆದುಕೊಂಡು ಹೊರಟು ಮುಕ್ಕಾಲು ಗಂಟೆಯಾಯಿತು ಎಂದ.

ಲೋಲಾಕ್ಷಿ ಟ್ಯಾಕ್ಸಿ ಹಿಡಿದು ಶಾಲೆಗೆ ಹೋದಳು. ಗೇಟಿನ ಕೋಣೆಯಲ್ಲಿ ವಾಚ್‌ಮನ್ ಗುರುವನ ಸ್ಟೂಲಿನ ಮೇಲೆ ಮೈಮೂನಾ ಕೂತಿದ್ದಳು, ಬ್ಯಾಗು ಬೆನ್ನ ಮೇಲೇ ಇತ್ತು. ಅವರು ಬರುವಾಗ ವಾದಿಯಲ್ಲಿ ಗಾಲಿ ಮುಳುಗುವಷ್ಟೂ ನೀರಿರಲಿಲ್ಲವಂತೆ. ಗೇಟಿಗೆ ಬೀಗ ನೋಡಿ ಅಬ್ಬಾಸ್ ಸ್ವಲ್ಪ ಹೊತ್ತು ಯೋಚನೆ ಮಾಡಿದರಂತೆ. ಮನೆಯಲ್ಲಿ ಹೆಂಡತಿ ಸುಹರಾ ಏಳು ತಿಂಗಳ ಬಸುರಿ, ಒಬ್ಬಳೇ. ಅವರು ಹಿಂದೆ ಹೋಗಲೇಬೇಕು. ಆದರೆ ಮೋಡ ಮತ್ತೆ ಕಟ್ಟುತ್ತಿತ್ತು, ಮಗುವನ್ನು ಕಟ್ಟಿಕೊಂಡು ವಾದಿ ದಾಟುವ ಧೈರ್ಯವಾಗಲಿಲ್ಲ. ಮಧ್ಯಾಹ್ನ ಬಂದು ಕರಕೊಂಡು ಹೋಗುತ್ತೇನೆ ಎಂದು ಗುರುವನಿಗೆ ಹೇಳಿ ಹೊರಟಿದ್ದರು.

ಲೋಲಾಕ್ಷಿ ತನ್ನ ಮನೆಯ ವಿಳಾಸವನ್ನು ಗುರುವನಿಗೆ ಬರೆದುಕೊಟ್ಟು ಹುಡುಗಿಯನ್ನು ದಾರ್ಸೈಟಿಗೆ ಕರೆತಂದಳು. ಮಕ್ಕಳಿಬ್ಬರೂ ದೋಸೆ ತಿಂದರು, ಬಾಲ್ಕನಿಯಲ್ಲಿ ಕಾಗದದ ದೋಣಿ ಬಿಟ್ಟರು. ಮಧ್ಯಾಹ್ನವಾಯಿತು, ಸಂಜೆಯಾಯಿತು. ಅಬ್ಬಾಸ್ ಬರಲಿಲ್ಲ.

"ಆಂಟಿ, ಉಪ್ಪ ಯಾಕೆ ಬರ್ಲಿಲ್ಲ?" ಎಂದು ಮೈಮೂನಾ ಕೇಳಿದಳು.

"ನೀರು ಇಳೀಲಿಲ್ಲ ಮಗಾ. ಇಳಿದ ಕೂಡ್ಲೆ ಬರ್ತಾರೆ."

ಆ ಎರಡು ದಿನ ಎಷ್ಟು ಸಲ ಅದನ್ನು ಹೇಳಿದಳೋ. ಅಮೇರಾತಿನ ಫೋನ್ ಸತ್ತಿತ್ತು. ರಸ್ತೆ ಮುಚ್ಚಿತ್ತು.

ಮೂರನೆಯ ದಿನ ಬಾಗಿಲು ಬಡಿದವರು ಅಬ್ಬಾಸರ ತಮ್ಮ ಯೂಸುಫ್, ಸೊಹಾರಿನಲ್ಲಿ ಕೆಲಸಕ್ಕಿದ್ದವರು. ಒಳಗೆ ಬರದೆ ಮೆಟ್ಟಿಲ ಹತ್ತಿರವೇ ನಿಂತು ಸಣ್ಣ ದನಿಯಲ್ಲಿ ನಡೆದದ್ದನ್ನು ಹೇಳಿದರು. ಆ ದಿನ ವಾದಿಯ ಈಚೆ ದಡದಲ್ಲಿ ಹತ್ತಾರು ಗಾಡಿಗಳು ನೀರಿಳಿಯಲೆಂದು ಕಾದಿದ್ದವಂತೆ. ಹನ್ನೊಂದರ ಹೊತ್ತಿಗೆ ನೀರು ತಗ್ಗಿದಂತೆ ಕಂಡಿತು. ಬೇಡ ಎಂದು ಒಬ್ಬ ಮುದುಕ ಒಮಾನಿ ಕೈ ಅಡ್ಡ ಹಿಡಿದರೂ ಅಬ್ಬಾಸ್ ಪಿಕಪ್ ಇಳಿಸಿದರು. ನಡುವೆ ಹೋಗಿದ್ದಾಗ ಮೇಲಿನಿಂದ ಇನ್ನೊಂದು ನೀರು ಬಂತು. ದೇಹ ಸಿಕ್ಕಿದ್ದು ಯೂಸುಫ್ ಬಂದ ದಿನ ಬೆಳಿಗ್ಗೆ.

ಯೂಸುಫ್ ಮೈಮೂನಾಳಿಗೆ ಏನನ್ನೂ ಹೇಳಲಿಲ್ಲ. ಉಮ್ಮ ಕರೆಯುತ್ತಿದ್ದಾರೆ ಎಂದಷ್ಟೇ ಹೇಳಿ ಕರೆದುಕೊಂಡು ಹೋದರು. ಹುಡುಗಿ ಕುಸುಮಳಿಗೆ ಕೈಬೀಸುತ್ತ ಮೆಟ್ಟಿಲಿಳಿದಳು.

ಶಾಲೆ ತೆರೆದ ದಿನ ಪ್ರಿನ್ಸಿಪಾಲರು ಫೋನ್ ಪಟ್ಟಿ ಕೇಳಿದರು. ಕೊಡುವ ಮೊದಲು ಲೋಲಾಕ್ಷಿ ಆ ಚುಕ್ಕೆಯ ಮೇಲೆ ಟಿಕ್ ಎಳೆದಳು. ಅವರು ನೋಡಿ, ಸುದ್ದಿ ತಡವಾಗಿ ಮುಟ್ಟಿರಬೇಕು, ಪಾಪ, ಎಂದು ಫೈಲಿನಲ್ಲಿಟ್ಟರು. ಮತ್ತೆ ಯಾರೂ ಏನೂ ಕೇಳಲಿಲ್ಲ.

ಯಾರೂ ಕೇಳದೆ ಇದ್ದದ್ದನ್ನೇ ಅವಳಿಗೆ ತಡೆಯಲಾಗಲಿಲ್ಲ. ಗಂಡನಿಗೆ ಎಲ್ಲ ಹೇಳಿದಳು. ಆದದ್ದು ಆಯಿತು, ಈಗ ಹೇಳಿ ಯಾರಿಗೆ ಏನು ಪ್ರಯೋಜನ, ಸುಮ್ಮನಿರು ಎಂದರು ಸೇಸಪ್ಪ. ಅವಳಿಂದ ಸುಮ್ಮನಿರಲು ಆಗಲಿಲ್ಲ. ಸುಹರಾ ಮಗಳೊಂದಿಗೆ ಊರಿಗೆ ಹೊರಡುತ್ತಾಳೆ ಎಂದು ತಿಳಿದಾಗ, ಹೊರಡುವ ಎರಡು ದಿನ ಮೊದಲು ಅಮೇರಾತಿಗೆ ಹೋದಳು. ವಾದಿ ಒಣಗಿ ಮೊದಲಿನ ಹಾಗೆ ಬರೇ ಕಲ್ಲಾಗಿತ್ತು.

ಸುಹರಾ ಬಿಳಿ ಬಟ್ಟೆಯಲ್ಲಿ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಲೋಲಾಕ್ಷಿಯನ್ನು ಕಂಡು ಅವಳ ಕೈ ಹಿಡಿದುಕೊಂಡಳು. ಎರಡು ದಿನ ಮಗಳನ್ನು ಸ್ವಂತ ಮಗಳ ಹಾಗೆ ನೋಡಿಕೊಂಡಿರಿ, ನಿಮ್ಮ ಉಪಕಾರ ಮರೆಯಲಾರೆ ಎಂದಳು. ಆ ಕೈಯಿಂದ ತನ್ನ ಕೈಯನ್ನು ಬಿಡಿಸಿಕೊಂಡು ಲೋಲಾಕ್ಷಿ ಹೇಳಿಬಿಟ್ಟಳು, ಎಂಗೇಜ್ ಬಂದದ್ದು, ಚುಕ್ಕೆ, ದೋಸೆ, ಟಿಕ್, ಎಲ್ಲವನ್ನೂ.

ಸುಹರಾ ತುಳುವಿನಲ್ಲಿ, ಸಿಟ್ಟಿಲ್ಲದೆ ಹೇಳಿದಳು: "ಅಕ್ಕಾ, ನೀವು ಇದನ್ನು ನನಗೆ ಹೇಳ್ಬಾರ್ದಿತ್ತು. ಅಲ್ಲಾಹು ಬರೆದದ್ದು ಅಂತ ಇಷ್ಟು ದಿನ ತಡ್ಕೊಂಡಿದ್ದೆ. ಇನ್ನು ಏನಂತ ತಡ್ಕೊಳ್ಲಿ?"

ಮನಸ್ಸು ಹಗುರವಾದೀತೆಂದು ಹೋದ ಲೋಲಾಕ್ಷಿ, ಆ ಹೆಂಗಸಿಗೆ ಉಳಿದಿದ್ದ ಒಂದು ಸಮಾಧಾನವನ್ನೂ ಕಿತ್ತುಕೊಂಡು ಬಂದಿದ್ದಳು.

ಆಮೇಲೆ ಒಂಬತ್ತು ವರ್ಷ ಅವಳು ಅದೇ ಮೇಜಿನಲ್ಲಿ ಕೆಲಸ ಮಾಡಿದಳು. ಮೋಡ ಕಂಡರೆ ಸಾಕು, ಫೋನಿಲ್ಲದ ಮನೆಗಳಿಗೆ ಹಿಂದಿನ ಸಂಜೆಯೇ ಟ್ಯಾಕ್ಸಿಯಲ್ಲಿ ಹೋಗಿ, ನಾಳೆ ಮಳೆ ಬಂದರೆ ಹೊರಡಬೇಡಿ ಎಂದು ಹೇಳಿ ಬರುತ್ತಿದ್ದಳು. ಎಷ್ಟೋ ಸಲ ಮಳೆಯೇ ಬರುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಕೆಲವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಕಾರಣ ನನಗೆ ಆಗ ಗೊತ್ತಿರಲಿಲ್ಲ. ಉಪ್ಪಿನಂಗಡಿಗೆ ಅವಳು ಎರಡು ಕಾಗದ ಬರೆದಿದ್ದಳಂತೆ. ಉತ್ತರ ಬಂದಿರಲಿಲ್ಲ.

೧೯೯೭ರಲ್ಲಿ ಸೇಸಪ್ಪರ ಕಂಪನಿ ಮುಚ್ಚಿತು. ಅವರು ಮೂಲ್ಕಿಗೆ ಮರಳಿದರು. ಆ ಚಳಿಗಾಲ ಲೋಲಾಕ್ಷಿ ಗಂಡನಿಗೂ ಹೇಳದೆ ಬಸ್ಸು ಹತ್ತಿ ಉಪ್ಪಿನಂಗಡಿಗೆ ಹೋಗಿ ಮನೆ ಹುಡುಕಿದಳು. ಬಾಗಿಲು ತೆರೆದವಳು ಮೈಮೂನಾ, ಹದಿನೆಂಟರ ಹುಡುಗಿ. ಗುರುತು ಹಿಡಿದು ಕೈ ಹಿಡಿದು ಒಳಗೆ ಕರೆದಳು. ತಂದೆ ತೀರಿದ ಮೇಲೆ ಹುಟ್ಟಿದ ತಂಗಿಯನ್ನು ತೋರಿಸಿದಳು. ಕುಸುಮಳನ್ನು ಕೇಳಿದಳು. ತಂದೆ ಹೋದ ಆ ದಿನಗಳಲ್ಲಿ ನೀವು ಇಲ್ಲದಿದ್ದರೆ ನಾನು ಏನಾಗುತ್ತಿದ್ದೆನೋ ಎಂದು ತಾಯಿಯ ಎದುರೇ ಹೇಳಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ.

ಸುಹರಾ ಚಾ ತಂದಿಟ್ಟಳು. ಎದುರಿಗೆ ಕೂತಳು. ಲೋಲಾಕ್ಷಿ ಹೊರಟಾಗ ರಸ್ತೆಯವರೆಗೆ ಜೊತೆಗೆ ಬಂದಳು.

"ನಿಮ್ಮ ಕಾಗದ ಬಂದಿತ್ತು. ಹರಿದು ಹಾಕಿದೆ," ಎಂದಳು. "ಮಕ್ಕಳಿಗೆ ನಾನು ಹೇಳ್ಲಿಲ್ಲ. ನೀವೂ ಹೇಳ್ಬೇಡಿ. ಮತ್ತೆ ಬರ್ಲೂಬೇಡಿ ಅಕ್ಕಾ. ನಿಮ್ಮನ್ನು ಕಂಡ್ರೆ ನನಗೆ ಅವರ ನೆನಪಾಗೋದಿಲ್ಲ, ಆ ಫೋನ್ ನೆನಪಾಗ್ತದೆ."

ಇದನ್ನೆಲ್ಲ ಲೋಲಾಕ್ಷಿ ನನಗೆ ಹೇಳಿದ್ದು ಮರುವರ್ಷ, ನಾನು ರಜೆಯಲ್ಲಿ ಅವಳ ಮನೆಗೆ ಹೋಗಿದ್ದಾಗ. ಹೇಳಿ ಮುಗಿಸಿ ಅಳಲಿಲ್ಲ. ಸುಹರಾ ಹೇಳಿದ್ದು ಸರಿ, ಅಲ್ಲವೇ, ಎಂದು ಕೇಳಿದಳು. ಅವಳು ಮತ್ತೆ ಉಪ್ಪಿನಂಗಡಿಗೆ ಹೋಗಲಿಲ್ಲ.