ಮೂರು ಮಗ್ಗದ ಒಡತಿ

ಚೇತನ, ಕಾವ್ಯ — ನಿಮ್ಮ ಅಜ್ಜಿ ಒಂದು ಕೇರಿಯ ಜನರೆಲ್ಲರ ಎದುರು ಸುಳ್ಳು ಹೇಳಿದವಳು. ಬಾಯಿ ತಪ್ಪಿ ಬಂದ ಸುಳ್ಳಲ್ಲ. ಯಾರೂ ಹೇಳಿಕೊಟ್ಟದ್ದೂ ಅಲ್ಲ. ತಿಳಿದೇ ಹೇಳಿದೆ. ಆ ಒಂದು ಮಾತಿನಿಂದ ನಮ್ಮ ಮನೆ ಹೊರಬೇಕಾಗಿದ್ದ ಭಾರ ಬಡವರ ಮನೆಯೊಂದರ ಮೇಲೆ ಬಿತ್ತು. ಆ ಮನೆ ಮತ್ತೆ ಏಳಲಿಲ್ಲ.

ಇದನ್ನು ನಿಮ್ಮನ್ನು ಎದುರು ಕೂರಿಸಿಕೊಂಡು ಹೇಳಲು ನನ್ನಿಂದಾಗದು. ನಿಮಗೇ ಗೊತ್ತು, ಮನೆಗೆ ನೆಂಟರು ಬಂದರೆ ನಾನು ಅಡುಗೆಮನೆಯಿಂದ ಈಚೆ ಬರುವವಳಲ್ಲ. ನನ್ನ ತವರೂರು ನನ್ನಿವಾಳದ ಶಾಲೆಯಲ್ಲಿ ಕಲಿತ ನಾಲ್ಕಕ್ಷರ ಇದೆ, ಅದರಲ್ಲೇ ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿ — ಅಕ್ಷರದ ತಪ್ಪನ್ನು ಮಾತ್ರ.

ಹೋದ ತಿಂಗಳು ಊಟದ ಹೊತ್ತಿಗೆ ಟಿವಿಯಲ್ಲಿ ಜಗಳ ನಡೆಯುತ್ತಿತ್ತಲ್ಲ, ಬಹಳ ಶ್ರೀಮಂತರ ಮೇಲೆ ಇನ್ನೂ ಹೆಚ್ಚು ತೆರಿಗೆ ಹಾಕಬೇಕೋ ಬೇಡವೋ ಎಂದು. ನೀವಿಬ್ಬರೂ ತಟ್ಟೆ ಮುಂದೆ ಇಟ್ಟುಕೊಂಡು ಅದೇ ಜಗಳ ಹೂಡಿದಿರಿ.

"ಕಷ್ಟಪಟ್ಟು ದುಡಿದೋರ ಹತ್ರ ಇನ್ನಷ್ಟು ಕಿತ್ಕೊಳ್ಳೋದು ಯಾವ ನ್ಯಾಯ?" ಎಂದ ಚೇತನ.

"ಕೋಟಿ ಕೋಟಿ ಇಟ್ಕಂಡೋರು ಕೊಡ್ಲಿ ಬಿಡೋ. ನಿನ್ ಜೇಬಿಗೆ ಕೈ ಹಾಕಿದಂಗೆ ಆಡ್ತೀಯಲ್ಲ!" ಎಂದಳು ಕಾವ್ಯ.

"ನಮ್ ತಾತನೂ ಬರೀ ಕೈಲಿ ಶುರು ಮಾಡಿದ್ದು. ಯಾರ ಹಂಗೂ ಇಲ್ದೆ ಮೇಲೆ ಬಂದ್ರು. ಅಲ್ವೇನಜ್ಜಿ?"

ನಾನು "ಹೂಂ" ಎಂದೆ. ನಿಮಗೆ ಸಾರು ಬಡಿಸಿದೆ. ಅಂದಿನಿಂದ ಆ "ಹೂಂ" ನನ್ನ ಎದೆಯಲ್ಲಿ — ಹೇಗೆ ಹೇಳಲಿ — ನುಂಗಿದ ಮೀನಿನ ಮುಳ್ಳಿನ ಹಾಗೆ ಕೂತಿದೆ. ನಿಮ್ಮ ತಾತ ದುಡಿದದ್ದು ಸುಳ್ಳಲ್ಲ. ಯಾರ ಹಂಗೂ ಇರಲಿಲ್ಲ ಎಂಬುದು ಸುಳ್ಳು.

ನೀವು ಚಳ್ಳಕೆರೆಯಲ್ಲಿ ಹುಟ್ಟಿದವರು, ನಮ್ಮ ಮೊಳಕಾಲ್ಮೂರಿನ ದಿನಗಳನ್ನು ಕಂಡವರಲ್ಲ. ಅಲ್ಲಿ ರೇಷ್ಮೆ ಸೀರೆ ನೇಯುವುದು ಮನೆಗಳಲ್ಲೇ. ನೆಲದಲ್ಲಿ ಗುಣಿ ತೋಡಿ, ಅದರ ಮೇಲೆ ಮಗ್ಗ ಕೂರಿಸಿ, ನೇಯುವವನು ಗುಣಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಾನೆ. ಮಗ್ಗ ಕೊಳ್ಳುವ ಶಕ್ತಿ ಎಲ್ಲರಿಗೂ ಎಲ್ಲಿಂದ ಬರಬೇಕು? ನಿಮ್ಮ ತಾತನಂಥವರು ಮಗ್ಗ ಕೊಂಡು ಬಡವರ ಮನೆಯಲ್ಲಿ ಹೂಡಿಸುತ್ತಿದ್ದರು. ನೂಲೂ ನಮ್ಮದೇ, ಜರಿಯೂ ನಮ್ಮದೇ. ಅವರು ನೇಯ್ದು ಕೊಟ್ಟರೆ ಕೂಲಿ. ಸೀರೆ ಮಾರಿ ಬಂದದ್ದು ನಮಗೆ. ನಮ್ಮ ಮಗ್ಗಗಳು ಹೀಗೆ ಎರಡು ಕೇರಿಗಳಲ್ಲಿ ಹರಡಿಕೊಂಡಿದ್ದವು. ನಮ್ಮ ಸ್ವಂತ ಮನೆಯ ಪಡಸಾಲೆಯಲ್ಲಿ ಇದ್ದದ್ದು ಮಾತ್ರ ಒಂದೇ ಒಂದು, ಬಂದ ವ್ಯಾಪಾರಿಗಳಿಗೆ ತೋರಿಸಲು.

ಯಾವ ಮಗ್ಗ ಯಾರದು ಎಂದು ಎಲ್ಲೂ ಬರೆದಿಡುತ್ತಿರಲಿಲ್ಲ. ಆದರೆ ಒಂದು ಪದ್ಧತಿ ಇತ್ತು. ಹೊಸ ಮಗ್ಗ ಹೂಡಿದ ದಿನ, ಅದನ್ನು ಕೊಂಡವನ ಹೆಂಡತಿಯೇ ಬಂದು ಮೊದಲ ಕುಂಕುಮ ಇಡಬೇಕು. ಅವಳು ಇಡುವ ತನಕ ಯಾರೂ ಲಾಳಿ ಮುಟ್ಟುವಂತಿಲ್ಲ. ನಾನು ಹಾಗೆ ಎಷ್ಟೋ ಮನೆಗಳಿಗೆ ಹೋಗಿ ಬಂದಿದ್ದೆ. ಜನರ ಮುಂದೆ ತಲೆ ಎತ್ತದ ನನಗೆ ಅದೊಂದೇ ಹೆಚ್ಚುಗಾರಿಕೆ. ಅಂದು ನಾಚಿಕೆ ಆಗುತ್ತಿರಲಿಲ್ಲ — ಈಗ ಆಗುತ್ತದೆ.

ಆ ಮನೆಗಳಲ್ಲಿ ಒಂದು ತಿಪ್ಪಕ್ಕನದು. ಅವಳ ಗಂಡ ಈರಣ್ಣ, ಮೈದುನ, ಅವಳು, ಮೂವರೂ ನೇಯುವವರು. ಇಡೀ ಮನೆಯೇ ಒಂದು ಅಂಕಣ, ಅದರಲ್ಲಿ ಮೂರು ಗುಣಿ. ಮೂರರಲ್ಲೂ ನಮ್ಮ ಮಗ್ಗ. ಮೂರಕ್ಕೂ ಕುಂಕುಮ ಇಟ್ಟವಳು ನಾನೇ. ಮೂರನೆಯದಕ್ಕೆ ಇಡುವಾಗ ಅವಳು ನಕ್ಕಿದ್ದಳು: "ಇನ್ ಮ್ಯಾಲೆ ನಾವ್ ಮಲಗೋಕೆ ಗುಣಿಗೇ ಇಳೀಬೇಕು ಗಿರಿಜಕ್ಕ. ನೀನೇ ಬಂದು ಜೋಗುಳ ಹಾಡು."

ನನಗಿಂತ ಚಿಕ್ಕವಳು. ಬಾಯಿ ಜೋರು. ನನಗೆ ಇಲ್ಲದ್ದೆಲ್ಲ ಅವಳಿಗಿತ್ತು. ಅವಳಿಗೆ ಇಲ್ಲದ್ದು ಮಗ್ಗ ಒಂದೇ.

ಆ ವರ್ಷ ಕೇರಿಗೆ ಕುಡಿಯುವ ನೀರಿನ ಪೈಪು ಬರುವುದಿತ್ತು. ಅಲ್ಲಿಯ ತನಕ ಎಲ್ಲರಿಗೂ ಊರಾಚೆಯ ಬೋರಿನ ನೀರೇ ಗತಿ. ಉಪ್ಪು ನೀರು, ಕುಡಿದ ಮಕ್ಕಳ ಹಲ್ಲೆಲ್ಲ ಹಳದಿ. ಪೈಪಿನ ಖರ್ಚಿನಲ್ಲಿ ಒಂದು ಪಾಲನ್ನು ಕೇರಿಯವರೇ ವಂತಿಗೆ ಎತ್ತಿ ಕೊಡಬೇಕಾಗಿತ್ತು. ಕೊಟ್ಟವರ ಮನೆಗೆ ನಲ್ಲಿ, ಕೊಡದವರಿಗಿಲ್ಲ. ಬೇವಿನ ಕಟ್ಟೆಯ ಮೇಲೆ ಎಲ್ಲರೂ ಸೇರಿದರು. ಹೆಂಗಸರು ನಾವು ಒಂದು ಬದಿಗೆ ನೆಲದ ಮೇಲೆ ಕೂತೆವು.

ಮನೆಗಿಷ್ಟು ಎಂದು ಸಮನಾಗಿ ಹಾಕೋಣ ಎಂದರು ಯಾರೋ. ನಿಮ್ಮ ತಾತನೂ ಸರಿ ಎಂದರು. ಆಗ ತಿಪ್ಪಕ್ಕ ಎದ್ದು ನಿಂತಳು.

"ಹೆಂಗ್ರೀ ಸಮ? ಸೀರೆ ನೇಯೋ ಮನೆಗೂ, ಸೀರೆ ಮಾರೋ ಮನೆಗೂ ಒಂದೇ ವಂತಿಗೆನಾ? ಮಗ್ಗಕ್ಕಿಷ್ಟು ಅಂತ ಹಾಕ್ರಿ. ಜಾಸ್ತಿ ಇರೋರು ಜಾಸ್ತಿ ಕೊಡ್ಲಿ."

ಕೇರಿಗೆ ಹಿರಿಯರಾಗಿದ್ದ ಗಂಗಪ್ಪನವರು ತಲೆದೂಗಿದರು. "ನ್ಯಾಯವಾದ ಮಾತೇ ಐತೆ. ಮಗ್ಗಕ್ಕಿಷ್ಟು ಅಂತಾನೇ ಆಗ್ಲಿ."

ಎಲ್ಲರೂ ಒಪ್ಪಿದರು. ಮಕ್ಕಳೇ, ಟಿವಿಯಲ್ಲಿ ನೀವು ನೋಡಿದಿರಲ್ಲ, ಆ ಪ್ರಶ್ನೆಗೆ ನಮ್ಮ ಕೇರಿ ಅಂದೇ ಉತ್ತರ ಹೇಳಿಯಾಗಿತ್ತು. ಒಂದು ಗಳಿಗೆ ಆ ಉತ್ತರ ಕಟ್ಟೆಯ ಮೇಲೆ ಇತ್ತು. ಆಮೇಲೆ —

ಆಮೇಲೆ ನಿಮ್ಮ ತಾತ ಮೆಲ್ಲಗೆ ಹೇಳಿದರು, "ಆಗ್ಲಪ್ಪ. ನಮ್ಮನೇಲಿರೋದು ಒಂದು ಮಗ್ಗ. ಬಂದು ನೋಡ್ಕಳ್ರಿ. ತಿಪ್ಪಕ್ಕನ ಮನೇಲಿ ಮೂರೈತೆ."

"ಮೂರೈತೆ, ಯಾರ್ದು ಅಂತ ಕೇಳ್ರಿ!" ತಿಪ್ಪಕ್ಕ ಸಿಡಿದಳು. "ಗುಣಿ ನಮ್ದು, ಮಗ್ಗ ಇವರ್ದು."

"ಯಾರ ಮನೇಲಿ ಐತೋ ಅವರ್ದು. ಇಲ್ಲ ಅಂದ್ರೆ ಪತ್ರ ತೋರ್ಸು," ಎಂದರು ನಿಮ್ಮ ತಾತ.

ಬೇರೆ ಸಾಹುಕಾರರೂ ಅದೇ ಸರಿ ಎಂದರು. ಅವರ ಮಗ್ಗಗಳೂ ಕಂಡವರ ಗುಣಿಗಳಲ್ಲೇ ಇದ್ದವಲ್ಲ. ಕೂಲಿ ನೇಕಾರರು ತಲೆ ತಗ್ಗಿಸಿ ಕೂತರು. ಬಾಯಿ ಬಿಟ್ಟರೆ ನಾಳೆ ನೂಲು ಸಿಗದು.

ಗಂಗಪ್ಪನವರು, "ಪತ್ರ ಯಾಕ್ರೋ? ಕುಂಕುಮ ಇಟ್ಟೋರು ಯಾರು?" ಎಂದು ನನ್ನ ಕಡೆ ತಿರುಗಿದರು. "ಏಳು ತಾಯಿ. ನೀನು ಸುಳ್ಳಾಡೋಳಲ್ಲ. ಆ ಮಗ್ಗ ಯಾರ್ದು, ನೀನೇ ಹೇಳ್ಬಿಡು."

ನಾನು ಎದ್ದೆ. ತಿಪ್ಪಕ್ಕನ ಮುಖ ಅರಳಿತು — ಅದನ್ನು ನಾನು ಕಂಡೆ, ಬರೆಯಲೇಬೇಕು. ನಾನು ಬಿಡಿಸುತ್ತೇನೆ ಎಂದು ನಂಬಿದ್ದಳು. ಮನೆಯಲ್ಲಿ ಆಡುವ ತೆಲುಗೇ ಅವಳ ಬಾಯಿಗೆ ಬಂತು: "ನಿಜಂ ಚೆಪ್ಪು ಅಕ್ಕಾ." ನಿಜ ಹೇಳಕ್ಕ.

ನಿಮ್ಮ ತಾತ ನನ್ನ ಕಡೆ ನೋಡಲಿಲ್ಲ. ಕಣ್ಸನ್ನೆಯನ್ನೂ ಮಾಡಲಿಲ್ಲ. ಹೆದರಿಸಿದರು ಎಂದು ಬರೆದರೆ ನೀವು ನಂಬುತ್ತೀರಿ, ಆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನನಗೆ ಆದದ್ದು ಭಯವಲ್ಲ. ಈ ಮೂರು ನಮ್ಮವು ಎಂದರೆ ಉಳಿದವುಗಳನ್ನೂ ಕೇಳುತ್ತಾರೆ, ಎರಡೂ ಕೇರಿಯ ಮಗ್ಗಗಳೆಲ್ಲ ಬಯಲಿಗೆ ಬರುತ್ತವೆ — ನಿಂತ ನಿಲುವಿನಲ್ಲೇ ಇದೆಲ್ಲ ನನ್ನ ತಲೆಯಲ್ಲಿ ಓಡಿತು. ಕೊಟ್ಟಿದ್ದರೆ ನಾವು ಬೀದಿಗೆ ಬೀಳುತ್ತಿರಲಿಲ್ಲ. ಒಂದು ಹೊತ್ತಿನ ಊಟವೂ ಕಡಿಮೆಯಾಗುತ್ತಿರಲಿಲ್ಲ. ಆದರೂ ಕೊಡಬಾರದು ಎನಿಸಿತು. ಯಾಕೆ? ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ನಮ್ಮದು ನಮ್ಮಲ್ಲೇ ಇರಲಿ ಎಂಬುದನ್ನು ಬಿಟ್ಟರೆ ಬೇರೆ ಕಾರಣ ಸಿಕ್ಕಿಲ್ಲ.

ನಾನು ಹೇಳಿದ್ದು ಇಷ್ಟು:

"ಮಗ್ಗ ತಿಪ್ಪಕ್ಕನವೇ. ತಂಗಿ ಇದ್ದಂಗೆ ಅಂತ ನಾನು ಹೋಗಿ ಕುಂಕುಮ ಇಟ್ಟು ಬಂದೆ, ಅಷ್ಟೆ."

ಗೊತ್ತಿದ್ದವರಿಗೆ ನೂಲಿನ ಭಯ, ಉಳಿದವರು ಯಾರೂ ಅನುಮಾನಪಡಲಿಲ್ಲ. "ಆಯಮ್ಮ ಬಾಯಿ ಬಿಡೋದೇ ಅಪರೂಪ, ಬಿಟ್ಟಳು ಅಂದ್ರೆ ನಿಜಾನೇ" ಎಂದಿತು ಹಿಂದಿನಿಂದ ಒಂದು ದನಿ. ನನ್ನ ನಾಚಿಕೆಯೇ ನನ್ನ ಸುಳ್ಳಿಗೆ ಸಾಕ್ಷಿ ನಿಂತಿತು. ತಿಪ್ಪಕ್ಕ ಕೂಗಾಡಲಿಲ್ಲ. ನನ್ನನ್ನೇ ನೋಡುತ್ತ ಮೆಲ್ಲಗೆ ಕೂತುಕೊಂಡಳು. ತಂಗಿ ಎಂದ ಮಾತೇ ಅವಳನ್ನು ಕೂರಿಸಿತೇನೋ.

ಯಾರ ಮನೆಯಲ್ಲಿದೆಯೋ ಅವರದೇ ಎಂದು ತೀರ್ಮಾನವಾಗಿ, ಕೇರಿಯ ಮಗ್ಗಗಳೆಲ್ಲ ಆ ಒಂದೇ ದಿನದಲ್ಲಿ ಬಡವರವಾದವು. ವಂತಿಗೆ ಅವರ ತಲೆಗೆ ಬಿತ್ತು. ಹಲವರು ಸಾಲ ಕೊಡಿ, ಮುಂದಿನ ಕೂಲಿಯಲ್ಲಿ ಮುರಿದುಕೊಳ್ಳಿ ಎಂದು ನಮ್ಮ ಬಾಗಿಲಿಗೇ ಬಂದರು. ತಿಪ್ಪಕ್ಕ ಬರಲಿಲ್ಲ. ಒಂದು ಮಗ್ಗದ ಮನೆ ಎಂದು ನಾವು ಎಲ್ಲರಿಗಿಂತ ಕಡಿಮೆ ಕೊಟ್ಟೆವು. ನಲ್ಲಿ ಮೊದಲು ಬಂದದ್ದು ನಮ್ಮ ಅಂಗಳಕ್ಕೆ. ವಂತಿಗೆ ಕಟ್ಟಲಾಗದ ಅವಳ ಮನೆಗೆ ಬರಲೇ ಇಲ್ಲ.

ಒಂದು ದಿನ ಅವಳು ಬೋರಿನಿಂದ ಕೊಡ ಹೊತ್ತು ಬರುತ್ತಿದ್ದಾಗ ಬಾಗಿಲಲ್ಲಿ ನಿಂತು ಕರೆದೆ. "ನಮ್ ನಲ್ಲೀಲಿ ಹಿಡ್ಕಾ ಬಾರೆ."

"ಮೂರು ಮಗ್ಗದ ಒಡತಿ ನಾನು," ಎಂದಳು, ನಿಲ್ಲದೆಯೇ. "ಒಂದು ಮಗ್ಗದೋರ ಮನೇಲಿ ನೀರು ಬೇಡ್ತೀನಾ ಅಕ್ಕ?"

ಕೇಳಿದವರು ನಕ್ಕರು. ಆ ಹೆಸರು ಅವಳಿಗೆ ಅಂಟಿಕೊಂಡಿತು. ಬಡವರಿಗೆ ಮನೆ ಕಟ್ಟಿಸಿಕೊಡಲು ಸರ್ಕಾರದವರು ಪಟ್ಟಿ ಮಾಡಲು ಬಂದಾಗಲೂ, "ಮೂರು ಮಗ್ಗ ಐತಲ್ಲ ಅವ್ರಿಗೆ" ಎಂದು ಕೇರಿಯವರೇ ಅವಳ ಹೆಸರು ಬಿಡಿಸಿದರು. ಮುಂದೊಂದು ದಿನ ಈರಣ್ಣ ಕೂಲಿ ಹೆಚ್ಚಿಸಿ ಎಂದು ಕೇಳಿದ. ನಿಮ್ಮ ತಾತ ಮರುದಿನವೇ ಆಳುಗಳನ್ನು ಕಳಿಸಿ ಮೂರೂ ಮಗ್ಗ ಬಿಚ್ಚಿಸಿಕೊಂಡು ಬಂದರು. ಆಗ ಅವು ಯಾರವು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅವಳ ಮನೆಯಲ್ಲಿ ಉಳಿದದ್ದು ನೆಲದಲ್ಲಿ ಬಾಯಿ ತೆರೆದ ಮೂರು ಗುಣಿ.

ಅವರು ಊರು ಬಿಟ್ಟರು. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಈರಣ್ಣ ಮೂಟೆ ಹೊತ್ತ. ನೇಯ್ಗೆಯವನ ಮೈಗೆ ಆ ಕೆಲಸ ಹಿಡಿಸಲಿಲ್ಲ, ಬಹಳ ದಿನ ಬಾಳಲಿಲ್ಲ ಎಂದು ಕೇಳಿದೆ. ಆ ಸಾವಿಗೂ ನಾನು ಹೋಗಲಿಲ್ಲ.

ನಾವು ಬೆಳೆದೆವು. ಮುಂದೆ ನಾವೂ ಇದೇ ಚಳ್ಳಕೆರೆಗೆ ಬಂದು ನೆಲೆಸಿದೆವು. ಕಟ್ಟೆಯ ಮೇಲೆ ಕಲಿತದ್ದನ್ನು ನಿಮ್ಮ ತಾತ ಆಮೇಲೆ ಸರ್ಕಾರದ ಮುಂದೆಯೂ ನಡೆಸಿದರು. ಒಂದು ಅಂಗಡಿ ನನ್ನ ಹೆಸರಿಗೆ, ಒಂದು ನಾದಿನಿಯ ಹೆಸರಿಗೆ, ವ್ಯಾಪಾರ ಗುಮಾಸ್ತನ ಹೆಸರಿಗೆ. ಸರ್ಕಾರದ ಕಣ್ಣಿಗೆ ನಾವು ಎಂದೂ ದೊಡ್ಡವರಾಗಲೇ ಇಲ್ಲ. ಜನರ ಕಣ್ಣಿಗೆ ಮಾತ್ರ ಬಹಳ ದೊಡ್ಡವರಾದೆವು — ಶಾಲೆಗೆ ಬೆಂಚು ಮಾಡಿಸಿಕೊಟ್ಟು ಬೆಂಚಿನ ಮೇಲೆ ಹೆಸರು ಬರೆಸಿದೆವು, ಅನ್ನದಾನ ಮಾಡಿ ಹಾರ ಹಾಕಿಸಿಕೊಂಡೆವು. ಕೊಡಲೇಬೇಕಾದ್ದನ್ನು ಬಚ್ಚಿಟ್ಟು, ಮನಸ್ಸಿಗೆ ಬಂದಷ್ಟನ್ನು ಕೊಟ್ಟು, ಧರ್ಮವಂತರು ಎನಿಸಿಕೊಂಡೆವು. ಆ ಹಾರಗಳಲ್ಲಿ ಒಂದನ್ನು ನಾನೂ ಹಾಕಿಸಿಕೊಂಡಿದ್ದೇನೆ. ಪಡಸಾಲೆಯ ಗೋಡೆಯ ಮೇಲೆ ಫೋಟೋ ಇದೆ, ನೋಡಿದ್ದೀರಿ.

ನಿಮ್ಮ ಜಗಳ ಕೇಳಿದ ಮೇಲೆ ತಡೆಯಲಾಗಲಿಲ್ಲ. ಹೋದ ವಾರ ಕಣ್ಣಾಸ್ಪತ್ರೆಗೆ ಎಂದು ಹೇಳಿ ಹೋದೆನಲ್ಲ, ಹೋದದ್ದು ಅಲ್ಲಿಗಲ್ಲ. ಇದೇ ಊರಿನ ಮಿಲ್ಲುಗಳ ಹಿಂದಿನ ಬೀದಿಯಲ್ಲಿ ತಿಪ್ಪಕ್ಕ ಮಗಳ ಮನೆಯಲ್ಲಿದ್ದಾಳೆ. ಇಷ್ಟು ವರ್ಷ ಒಂದೇ ಊರಿನಲ್ಲಿದ್ದೂ ನಾನು ಆ ಬೀದಿ ತುಳಿದಿರಲಿಲ್ಲ. ಹೊಸ್ತಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಬೆನ್ನು ಬಾಗಿದೆ. ಬಾಯಿ ಹಾಗೇ ಇದೆ.

"ಏನ್ ಗಿರಿಜಕ್ಕ, ಆಟೋದೋನು ದಾರಿ ತಪ್ಪಿದ್ನಾ?"

ನಾನು ಅವಳ ಮುಂದೆ ನೆಲಕ್ಕೆ ಕೂತು ಹೇಳಿದೆ. ಅಂದು ಸುಳ್ಳು ಹೇಳಿದೆ, ನಿನ್ನ ಮನೆ ಮುರಿದೆ ಎಂದೆ. ಹೇಳುತ್ತ ಅತ್ತೆ. ಅವಳು ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಇದನ್ನ ನಂಗೆ ಹೇಳೋಕೆ ಬಂದ್ಯಾ? ನೀ ಸುಳ್ಳು ಹೇಳಿದ್ದು ನಂಗೆ ಅವತ್ತೇ ಗೊತ್ತಿತ್ತಲ್ಲಕ್ಕ. ಗೊತ್ತಿಲ್ದೋರಿಗೆ ಹೇಳು ಹೋಗು."

"ನನ್ನ ಕ್ಷಮಿಸ್ತೀಯಾ ತಿಪ್ಪಕ್ಕ?"

"ಅದೆಲ್ಲ ನನ್ ಹತ್ರ ಇಲ್ಲ. ಟೀ ಕುಡಿತೀಯಾ?"

ಬೇಡ ಎಂದೆ. ಬೇಡ ಎಂದದ್ದೂ ತಪ್ಪಾಯಿತು ಎಂದು ಆಟೋದಲ್ಲಿ ಹೊಳೆಯಿತು. ಸೆರಗಿನ ತುದಿಯಲ್ಲಿ ನನ್ನ ಬಳೆಗಳನ್ನು ಗಂಟು ಕಟ್ಟಿಕೊಂಡು ಹೋಗಿದ್ದೆ, ಅವಳಿಗೆ ಕೊಡಲು. ಗಂಟು ಬಿಚ್ಚಲಿಲ್ಲ. ಕೊಟ್ಟಿದ್ದರೆ ಅದೂ ಹೆಸರು ಬರೆಸಿದ ಇನ್ನೊಂದು ಬೆಂಚೇ ಆಗುತ್ತಿತ್ತು.

ಗೊತ್ತಿಲ್ಲದವರು ಎಂದರೆ ನೀವು. ಅದಕ್ಕೇ ಬರೆದೆ. ಗೊತ್ತಿಲ್ಲದವರು ಮೊಳಕಾಲ್ಮೂರಿನಲ್ಲೂ ಇದ್ದಾರೆ. ಅಂದು ಆ ಕಟ್ಟೆಯಲ್ಲಿ ಕೂತು ನನ್ನನ್ನು ನಂಬಿದವರು ಕೆಲವರು ಇನ್ನೂ ಬದುಕಿದ್ದಾರೆ. ಅಲ್ಲಿಗೂ ಹೋಗಿ ಹೇಳುತ್ತೇನೆ. ಎದ್ದು ನಿಂತು ನಾಲ್ಕು ಜನರ ಮುಂದೆ ಮಾತಾಡುವುದು ನನಗೆ ಆಗುತ್ತದೋ ಇಲ್ಲವೋ — ಒಮ್ಮೆ ಆಗಿತ್ತಲ್ಲ.

ಚೇತನ, ಶ್ರೀಮಂತರು ಹೆಚ್ಚು ಕೊಡಬೇಕೋ ಬೇಡವೋ ಎಂದು ನಿನ್ನಷ್ಟು ಓದಿ ಹೇಳಲಾರೆ. ಕೊಡಬೇಕು ಎಂದೇ ನನಗೆ ಅನಿಸುತ್ತದೆ. ಹಾಗೆಂದು ಬರೀ ಕಟ್ಟಳೆ ಮಾಡಿದರೆ ಸಾಲದು. ನಮ್ಮ ಕೇರಿ ಮಾಡಿತ್ತು. ಉಳ್ಳವರ ಮನೆಯೊಳಗಿನ ಒಬ್ಬರಾದರೂ ಎದ್ದು, ಇದು ನಮ್ಮದು, ಹೌದು, ಇಷ್ಟೂ ನಮ್ಮದೇ, ಎನ್ನಬೇಕು. ನಾನು ಎನ್ನಲಿಲ್ಲ.

ಈ ಹಾಳೆಗಳನ್ನು ಕಂಡರೆ ನಿಮ್ಮಪ್ಪನಿಗೆ ಸಿಟ್ಟು ಬರಬಹುದು. ಹರಿಯಲು ಬಿಡಬೇಡಿ. ನನ್ನ ನೆನಪಿಗೆ ಎಂದು ಸೀರೆಗಳ ನಡುವೆ ಮಡಿಸಿಡಲೂ ಬೇಡಿ. ಮನೆಯ, ಅಂಗಡಿಯ ಪತ್ರಗಳಿರುವ ಬೀರುವಿನಲ್ಲಿ, ಅವುಗಳ ಮೇಲೆಯೇ ಜೋಪಾನವಾಗಿ ಇಡಿ. ನಿಮ್ಮದು ಎಷ್ಟಿದೆ ಹೇಳಿ ಎಂದು ಯಾರಾದರೂ ನಿಮ್ಮನ್ನು ಕೇಳುವ ದಿನ ಬಂದೇ ಬರುತ್ತದೆ. ಅಂದು ಪತ್ರಗಳಿಗೆ ಕೈ ಹಾಕುವ ಮೊದಲು ಇದು ನಿಮ್ಮ ಕೈಗೆ ಸಿಗಲಿ.