ನಿಜಗುಣಪ್ಪ ಇನ್ನು ಇಳಿಯುವುದಿಲ್ಲ

ಮನೋಳಿಯಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಮೊದಲು ಫೋನು ಹಚ್ಚುತ್ತಿದ್ದುದು ನೆಂಟರಿಗಲ್ಲ, ನಿಜಗುಣಪ್ಪನಿಗೆ. ಅವರ ಸಮಾಜದಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ, ಕೂರಿಸಿ ಮಾಡುತ್ತಾರೆ. ಮೈ ಸೆಟೆಯುವ ಮೊದಲೇ ಕಾಲು ಮಡಚಿ, ಗೋಡೆಗೆ ಆನಿಸಿ, ಗದ್ದಕ್ಕೆ ಬಟ್ಟೆ ಕಟ್ಟಬೇಕು. ಆಮೇಲೆ ರುದ್ರಭೂಮಿಯಲ್ಲಿ ಒಬ್ಬರು ಮೊದಲು ಕುಣಿಯೊಳಗೆ ಇಳಿದು, ಮೇಲಿನಿಂದ ಇಳಿಬಿಟ್ಟ ದೇಹವನ್ನು ಎರಡೂ ತೋಳುಗಳಲ್ಲಿ ತಗೊಂಡು, ಒಳಗಿನ ಗೂಡಿನಲ್ಲಿ ಕೂರಿಸಬೇಕು. ಈ ಕೆಲಸಕ್ಕೆ ನಿಜಗುಣಪ್ಪನನ್ನು ಯಾರೂ ನೇಮಿಸಿರಲಿಲ್ಲ. ಹರೆಯದಲ್ಲಿ ಒಮ್ಮೆ, ಇಳಿಯಬೇಕಾದವನು ಹಿಂದೆಮುಂದೆ ನೋಡಿದಾಗ, ತಾನೇ ಧುಮುಕಿದ್ದ. ಅಂದಿನಿಂದ ಅದು ಅವನ ಕೊರಳಿಗೇ ಬಿತ್ತು. ಫೋನು ಬಂದೊಡನೆ ತನ್ನ ಬಟ್ಟೆ ಅಂಗಡಿಯ ಬಾಗಿಲು ಎಳೆದು ಓಡುತ್ತಿದ್ದ.

ಇದರ ಜೊತೆಗೆ ಅವನು ತನಗೆ ತಾನೇ ಒಂದು ಕಟ್ಟಳೆ ಹಾಕಿಕೊಂಡಿದ್ದ. ಹುಷಾರಿಲ್ಲದವರ ಮನೆಗೆ ಕಾಲಿಡುತ್ತಿರಲಿಲ್ಲ. ಹಾಸಿಗೆ ಹಿಡಿದವರು ಬಾಗಿಲಲ್ಲಿ ನಿಜಗುಣಪ್ಪನನ್ನು ಕಂಡರೆ ಏನೆಂದುಕೊಂಡಾರು? ಸ್ವಂತ ಭಾವಮೈದುನ ಆಸ್ಪತ್ರೆಯಲ್ಲಿದ್ದಾಗಲೂ ಗೇಟಿನ ಹೊರಗೆ ನಿಂತು ಹಣ್ಣು ಕೊಟ್ಟು ಬಂದ ಪುಣ್ಯಾತ್ಮ ಅವನು.

ಬೆನ್ನು ತಕರಾರು ತೆಗೆದು ಕೆಲವು ವರ್ಷಗಳಾಗಿದ್ದವು. ಸೊಂಟದಿಂದ ಹೊರಟ ನೋವು ಎಡಗಾಲಿನ ಹಿಮ್ಮಡಿಯವರೆಗೂ ಜಗ್ಗುತ್ತಿತ್ತು. ಬೆನ್ನಿನ ಮಣಿಗಳು ಸವೆದಿವೆ, ಇದು ವಾಸಿಯಾಗುವ ನೋವಲ್ಲ, ಭಾರ ಮಾತ್ರ ಎತ್ತಬೇಡಿ ಎಂದು ಧಾರವಾಡದ ಡಾಕ್ಟರು ಬಿಡಿಸಿ ಹೇಳಿದ್ದರು. ನಿಜಗುಣಪ್ಪ ಸೊಂಟಕ್ಕೆ ಕಟ್ಟುವ ಒಂದು ಪಟ್ಟಿ ಕೊಂಡು, ಯಾರಿಗೂ ಕಾಣದಂತೆ ಅಂಗಿಯ ಒಳಗೆ ಬಿಗಿದುಕೊಂಡು, ಮತ್ತೆ ಇಳಿದ. ನಾನಿಲ್ಲದಿದ್ದರೆ ಊರು ನಡೆಯುವುದಿಲ್ಲ ಎಂಬ ಚಟ ತಂಬಾಕಿಗಿಂತ ಕೆಟ್ಟದ್ದು. ಅದಕ್ಕೆ ಪರಿಹಾರ ಹೇಳುವ ಡಾಕ್ಟರೂ ಇಲ್ಲ.

ಯುಗಾದಿಯ ಮುಂದೆ ಹತ್ತಿ ವ್ಯಾಪಾರಿ ಸೋಮಪ್ಪ ತೀರಿಕೊಂಡ. ಭಾರಿ ಆಳು. ಕುಣಿಯಲ್ಲಿ ಅವನ ದೇಹ ತೋಳಿಗೆ ಬರುತ್ತಲೇ ನಿಜಗುಣಪ್ಪನ ಬೆನ್ನು ಹಿಡಿದುಬಿಟ್ಟಿತು. ಕೂರಿಸಲೂ ಆಗದು, ಬಿಡಲೂ ಆಗದು. ಸೋಮಪ್ಪ ಅವನ ಎದೆಗೆ ಒರಗಿಕೊಂಡಿದ್ದಾನೆ, ಮೇಲಿನವರು ಕೂಗುತ್ತಿದ್ದಾರೆ. ಕೊನೆಗೆ ನೆರೆಯ ಓಣಿಯ ಗುರುನಾಥ ಹಾರಿ ಬಂದು ಕೈ ಕೊಟ್ಟ. ಸತ್ತವನನ್ನು ಕೂರಿಸಿದ್ದಾಯಿತು, ಬದುಕಿದ್ದವನನ್ನು ಮೇಲೆತ್ತಲು ನಾಲ್ಕು ಜನ ಬೇಕಾದರು.

"ಸಾಕ್ರಿ ಇನ್ನ," ಎಂದಳು ಹೆಂಡತಿ ಶೈಲಜಾ, ಬೆನ್ನಿಗೆ ಬಿಸಿನೀರಿನ ಚೀಲ ಇಡುತ್ತ. "ನಾಳೆ ನಿಮ್ಮನ್ನೂ ಅಲ್ಲೇ ಬಿಟ್ಟು ಬರ್ತಾರ. ಇಳಿಯೂದಿಲ್ಲ ಅಂತ ಊರಾಗ ಹೇಳಿಬಿಡ್ರಿ."

"ಊರಿಗೆ ಹೇಳಬಹುದು. ಭಾಗೀರಥಿ ದೊಡ್ಡವ್ವಗ ಹೆಂಗ ಹೇಳ್ಲಿ?"

ಭಾಗೀರಥಿ ಗುರುನಾಥನ ತಾಯಿ. ನಿಜಗುಣಪ್ಪನ ತಾಯಿ ಬೇಗ ಹೋದ ಮೇಲೆ ಅವನಿಗೆ ರೊಟ್ಟಿ ಹಾಕಿ ಬೆಳೆಸಿದವಳು. ಎಂದೋ ಅವನ ಕೈ ಹಿಡಿದು, ಬೇರೆಯವರ ಕೈಗೆ ನನ್ನನ್ನು ಕೊಡಬೇಡ, ನೀನೇ ಕೂರಿಸಬೇಕು ಎಂದು ಮಾತು ತೆಗೆದುಕೊಂಡಿದ್ದಳು. ಈಗ ಹಾಸಿಗೆ ಹಿಡಿದಿದ್ದಳು. ಕಟ್ಟಳೆಯ ನೆಪದಲ್ಲಿ ಅವನು ಆ ಕಡೆ ಸುಳಿದಿರಲಿಲ್ಲ.

ಇನ್ನು ಇಳಿಯುವುದಿಲ್ಲ ಎಂದು ಮಠದಲ್ಲಿ ಹಿರಿಯರಿಗೆ ಹೇಳಿ ಮುಗಿಸಿದ ಮರುದಿನ, ಎದೆ ಗಟ್ಟಿ ಮಾಡಿಕೊಂಡು ಅವಳ ಮನೆಗೆ ಹೋದ. ಬಾಗಿಲಲ್ಲಿ ಕಾಳು ಹಸನು ಮಾಡುತ್ತಿದ್ದ ಸೊಸೆ ಅನ್ನಪೂರ್ಣಾ ಅವನನ್ನು ನೋಡಿ ಮೊರ ಕೆಳಗಿಟ್ಟಳು.

"ಯಾರು ಹೇಳಿ ಕಳಿಸ್ಯಾರ್ರೀ ನಿಮಗ? ಅತ್ತಿ ಇನ್ನೂ ಅದಾರ್ರೀ! ಈಗಷ್ಟ ಗಂಜಿ ಕುಡದಾರ!"

ಅಷ್ಟರಲ್ಲಿ ಅವನು ಒಳಗೆ ಹೋದದ್ದನ್ನು ಕಂಡ ಪಕ್ಕದ ಮನೆಯಾಕೆ ತಲೆಯ ಮೇಲೆ ಸೆರಗು ಎಳೆದುಕೊಂಡು, ಅಳುತ್ತಲೇ ಪಡಸಾಲೆಗೆ ಬಂದಳು.

"ಯಾರವ್ವಾ ಸತ್ತವರು?" ಎಂದು ಒಳಗಿನಿಂದ ಭಾಗೀರಥಿಯ ಧ್ವನಿ ಬಂತು. ಆ ಹೆಂಗಸು ಅಳು ನುಂಗಿಕೊಂಡು ಹಾಗೇ ತಿರುಗಿ ಹೋದಳು.

ನಿಜಗುಣಪ್ಪ ಹಾಸಿಗೆಯ ಹತ್ತಿರ ಕುಳಿತ. ಚಾದರದ ಅಂಚು ಸರಿಪಡಿಸಿದ. ಕೊನೆಗೆ, "ದೊಡ್ಡವ್ವಾ, ನನ್ನ ಕೈಲೆ ಇನ್ನ ಆಗೂದಿಲ್ಲ. ನಿನಗ ಕೊಟ್ಟ ಮಾತು ನಡಸಾಕ ಆಗೂದಿಲ್ಲ," ಎಂದ.

ಮುದುಕಿ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಅವಳಿಗೆ ನೋವಾಯಿತು, ಅದನ್ನು ಅವಳು ಮುಚ್ಚಿಡಲೂ ಇಲ್ಲ. ಆಮೇಲೆ ಇತ್ತ ಹೊರಳಿದಳು.

"ಎಲ್ಲಿ ನೋಯತೈತಿ?"

ಅವನು ಬಾಗಿ ತೋರಿಸಿದ. ಅವಳು ಕೈ ಚಾಚಿ ಅಂಗಿಯ ಮೇಲಿನಿಂದಲೇ ಸವರಿದಳು. ಒಳಗಿನ ಪಟ್ಟಿ ಕೈಗೆ ಸಿಕ್ಕಿತು.

"ಇಷ್ಟು ಬಿಗಿದುಕೊಂಡು ಓಡಾಡತೀಯೇನೋ, ಹುಚ್ಚಾ? ಗುರುನಾಥಗ ಕಲಿಸು, ಅವ ಇಳೀಲಿ. ನಾ ಸತ್ತ ಮ್ಯಾಲೆ ಬರಬೇಕಂತ ಇಷ್ಟು ದಿನಾ ಕಾಯ್ಕೋತ ಕುಂತಿದ್ದೀ. ಇದ್ದಾಗ ಬಾ. ನಾಳೆ ಬಾ."

ಮರುದಿನ ಹೋದ. ಆಮೇಲೆ ದಿನಾ ಸಂಜೆ ಹೋಗತೊಡಗಿದ. ಅವನಿಗೆ ನೆನಪೇ ಇಲ್ಲದ ಅವನ ತಾಯಿಯ ಸುದ್ದಿಗಳನ್ನು ಅವಳು ಒಂದೊಂದಾಗಿ ಹೇಳಿದಳು. ಅನ್ನಪೂರ್ಣಾ ಹೆದರುವುದನ್ನು ಬಿಟ್ಟು ಚಹಾ ತರುತ್ತಿದ್ದಳು. ಬೆನ್ನು ಮಾತ್ರ ನೋಯುತ್ತಲೇ ಇತ್ತು.

ಶ್ರಾವಣದಲ್ಲಿ ಭಾಗೀರಥಿ ಹೋದಳು. ಗುರುನಾಥ ಕುಣಿಗೆ ಇಳಿದ. ನಿಜಗುಣಪ್ಪ ಮೇಲೆ ಅಂಚಿನಲ್ಲಿ ನಿಂತು, "ತಲಿ ನಿನ್ನ ಹೆಗಲಿಗೆ ತಗೋ. ಅವಸರ ಮಾಡಬ್ಯಾಡ," ಎಂದು ಮೆಲ್ಲಗೆ ಹೇಳುತ್ತಿದ್ದ. ಗುರುನಾಥ ಅವ್ವನನ್ನು ಗೂಡಿನಲ್ಲಿ ಕೂರಿಸಿ, ಸುತ್ತ ವಿಭೂತಿ ತುಂಬಿ, ಮೇಲೆ ಹತ್ತಿಬಂದ. ನಿಜಗುಣಪ್ಪನಿಗೆ ಹೇಳುವುದೇನೂ ಉಳಿದಿರಲಿಲ್ಲ, ಕೈಗೆ ಕೆಲಸವೂ ಇರಲಿಲ್ಲ. ತಾಯಿ ಸತ್ತಾಗ ಅಳುವ ಬುದ್ಧಿ ಬಂದಿರಲಿಲ್ಲ. ತಂದೆಯನ್ನು ತಾನೇ ಕೂರಿಸಿದ್ದ, ಆಗ ಕೈ ನಡುಗಬಾರದು ಎಂಬುದೊಂದೇ ಚಿಂತೆ. ಕುಣಿಯೊಳಗಿರುವವನಿಗೆ ಅಳಲು ಪುರುಸೊತ್ತೆಲ್ಲಿ? ಈಗ ಎಲ್ಲರ ನಡುವೆ ನಿಂತು, ಸಣ್ಣ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಊರಿನವರು ಅವನಿಗೆ ಹೆಗಲು ಕೊಟ್ಟು ನಿಂತರು.